ಹಿಂದಕ್ಕೆ ನಡೆಯುವ ಮೇಷ್ಟ್ರು

"ಹಾಗಾದ್ರೆ ಮದುವೆ ಆಗಿಬಿಡೋಣ ಬಿಡಿ."

ಅವನು ಇಷ್ಟು ಹೇಳಿದಾಗ ಅವಳ ಎರಡೂ ಕೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿ ಮುಳುಗಿದ್ದವು. ರೋಗಿಯೊಬ್ಬರ ಕಾಲಿನ ಅಚ್ಚಿಗೆ ಸುರಿಯಲೆಂದು ಕಲಸುತ್ತಿದ್ದ ಪ್ಲಾಸ್ಟರು. ಆಡಿಸುವುದು ನಿಲ್ಲಿಸಿದರೆ ಬಕೆಟ್ಟಿನಲ್ಲೇ ಕಲ್ಲಾಗುವಂಥದ್ದು. ಅವಳ ಕೈ ನಿಂತಿತು.

"ಏನಂದ್ರಿ?"

"ಅದೇ... ಮದುವೆ. ನಾನು ಇಲ್ಲೇ ಹುಟ್ಟಿದವನು. ನನ್ನ ಹೆಂಡತಿ ಅಂದ್ಮೇಲೆ ನಿಮ್ಮನ್ನ ಯಾರು ವಾಪಸ್ ಕಳಿಸ್ತಾರೆ? ರೆಸಿಡೆನ್ಸ್ ಕಾರ್ಡಿನ ತಲೆನೋವೇ ಇರಲ್ಲ."

"ಇದೇನು ಮೇಷ್ಟ್ರೇ, ಹೇಗೂ ಆ ಕಡೆ ಹೋಗ್ತಿದ್ದೀನಿ, ತರಕಾರಿ ತಂದುಬಿಡ್ತೀನಿ ಬಿಡಿ ಅಂದ ಹಾಗೆ?"

ಅವನು ನಕ್ಕ. ಅವಳು ನಗಲಿಲ್ಲ. ಅವನ ನಗು ತುಟಿಯ ಒಂದು ಅಂಚಿನಿಂದ ಶುರುವಾಗಿ ಕಣ್ಣಿಗೆ ತಲುಪುವ ಮೊದಲೇ ಇಂಗಿಹೋದದ್ದನ್ನು ಅವಳು ನೋಡಿದಳು. ಹಾಗೆ ನೋಡುವುದು ಅವಳ ಅಭ್ಯಾಸ. ಯಾರ ಹೆಗಲು ಎಷ್ಟು ವಾಲಿದೆ, ಯಾರು ಯಾವ ಕಾಲಿನ ಮೇಲೆ ಭಾರ ಹಾಕಲು ಹೆದರುತ್ತಾರೆ, ಎಲ್ಲವೂ ಅವಳ ಕಣ್ಣಿಗೆ ಮೊದಲು ಬೀಳುತ್ತಿದ್ದವು.

"ನಿಮ್ಮ ರೂಲ್ ನಿಮಗೇ ಮರೆತುಹೋಯ್ತು" ಎಂದಳು ಅವಳು, ಮೆಲ್ಲಗೆ.

ಬಕೆಟ್ಟಿನಲ್ಲಿ ಪ್ಲಾಸ್ಟರು ಗಟ್ಟಿಯಾಗತೊಡಗಿತ್ತು.

ಅದು ಕೃತಕ ಕಾಲು ತಯಾರಿಸುವ ವರ್ಕ್‌ಶಾಪು. ಮುಂದಿನ ಕೋಣೆಯಲ್ಲಿ ಅಚ್ಚು ತೆಗೆಯುವ ಬೆಂಚು, ಹಿಂದಿನದರಲ್ಲಿ ಗ್ರೈಂಡರು ಮತ್ತು ಓವನ್ನು. ಉದ್ದನೆಯ ಹಾಲಿನಲ್ಲಿ ನಡೆಯಲು ಕಲಿಯುವವರಿಗಾಗಿ ಎರಡು ಕಂಬಿಗಳು, ಅವುಗಳ ತುದಿಗೆ ಆಳೆತ್ತರದ ಕನ್ನಡಿ. ಅವಳು ಕಾಲು ಮಾಡುವವಳು. ರೋಗಿಗಳ ಬಾಯಲ್ಲಿ 'ಕಾಲಕ್ಕ'. ಅವನು ಆ ಕಾಲಿನ ಮೇಲೆ ನಡೆಯಲು ಕಲಿಸುವವನು. ನಡೆಯುವವರ ಮುಖ ಕಾಣಬೇಕೆಂದು ಅವರಿಗೆ ಎದುರಾಗಿ, ಬೆನ್ನು ಹಿಂದಾಗಿ, ದಿನವಿಡೀ ಹಿಂದು ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದ. ಯಾವ ಗೋಡೆಗೂ ಡಿಕ್ಕಿ ಹೊಡೆಯುತ್ತಿರಲಿಲ್ಲ. ಆದ್ದರಿಂದ ಅವನು 'ಹಿಂದಕ್ಕೆ ನಡೆಯುವ ಮೇಷ್ಟ್ರು'.

ಮೇಷ್ಟ್ರಿಗೆ ಒಂದೇ ಒಂದು ರೂಲು. ಕೇಳದೆ ಕೈ ಹಿಡಿಯಬಾರದು.

ಕಂಬಿ ಬಿಟ್ಟು ಮೊದಲ ಹೆಜ್ಜೆ ಇಡುವವರು ನಡುಗುತ್ತಾರೆ, ಬೆವರುತ್ತಾರೆ, ನೋಡುವವರ ಎದೆಯೇ ಧಸಕ್ಕೆನ್ನುತ್ತದೆ. ಆದರೂ ಅವನು ತನ್ನೆರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು "ಬನ್ನಿ, ಬನ್ನಿ" ಎನ್ನುತ್ತಾ ಹಿಂದೆ ಸರಿಯುತ್ತಿದ್ದ. ರೋಗಿಗಳ ಮನೆಯವರು ಜಗಳಕ್ಕೆ ಬಂದರೆ ಹೇಳುತ್ತಿದ್ದ: "ಬೀಳ್ತಾರೆ ಅಂತ ನಮಗೆ ಭಯ ಆಯ್ತು ಅಂದ್ಕೊಳ್ಳಿ. ಆಗ ಹಿಡಿದ ಕೈ ಅವರಿಗೋಸ್ಕರ ಹಿಡಿದಿದ್ದಲ್ಲ. ನಮ್ಮ ಭಯಕ್ಕೆ ಹಿಡಿದಿದ್ದು. ಅವರಾಗೇ ಕೇಳಲಿ, ಓಡಿಬಂದು ಹಿಡೀತೀನಿ."

ಅಂಥವನು ಅವಳು ಕೇಳುವ ಮೊದಲೇ ಕೈ ಚಾಚಿದ್ದ. ಅದೂ ನೋಟೀಸು ಬಂದ ಬೆಳಿಗ್ಗೆಯೇ.

ಹದಿನೈದು ತಿಂಗಳ ಕೆಳಗೆ ಹುಟ್ಟೂರಿನಿಂದ ಫೋನು ಬಂದಿತ್ತು. ಅಕ್ಕನಿಗೆ ಅಪಘಾತ, ಮಂಡಿಯ ಕೆಳಗೆ ಕಾಲು ಹೋಗಿದೆ. ತಾಯಿಯಿಲ್ಲದ ಮನೆಯಲ್ಲಿ ಅವಳಿಗೆ ಜಡೆ ಹಾಕಿ, ಫೀಸು ಕಟ್ಟಿ, ಈ ದೇಶಕ್ಕೆ ವಿಮಾನ ಹತ್ತಿಸಿದವಳು ಆ ಅಕ್ಕ. ಎರಡು ತಿಂಗಳ ಮಾತು ಎಂದು ಅವಳು ಹೊರಟಿದ್ದಳು. ಆದರೆ ಕತ್ತರಿಸಿದ ಕಾಲು ಹೇಳಿದ ಮಾತು ಕೇಳುವುದಿಲ್ಲ. ಉಳಿದ ಭಾಗ ತಿಂಗಳು ತಿಂಗಳು ಕುಗ್ಗುತ್ತದೆ. ಅದು ಕೂರುವ ಬಟ್ಟಲಿನಂಥ ಸಾಕೆಟ್ಟನ್ನು ಮತ್ತೆ ಮತ್ತೆ ಹೊಸದಾಗಿ ಮಾಡಬೇಕು. ಅವಳು ಅಲ್ಲಿನ ವರ್ಕ್‌ಶಾಪೊಂದರಲ್ಲಿ ಬೆಂಚು ಬೇಡಿ ಪಡೆದು, ತನ್ನ ಕೈಯಾರೆ ಅಕ್ಕನ ಅಚ್ಚು ತೆಗೆದಳು. ಅವಳ ಕಸುಬಿನಲ್ಲಿ ಒಂದು ಕಟ್ಟುಪಾಡಿದೆ. ಅಚ್ಚು ತೆಗೆದ ಕೈಯೇ ಕಾಲು ಮುಗಿಸಬೇಕು. ಅಕ್ಕ ಊರುಗೋಲಿಲ್ಲದೆ ಮೆಟ್ಟಿಲು ಹತ್ತುವ ದಿನದವರೆಗೆ, ಹದಿನಾಲ್ಕು ತಿಂಗಳು, ಅವಳು ಕದಲಲಿಲ್ಲ.

ವಾಪಸು ಬಂದಿಳಿದಾಗ ಏರ್‌ಪೋರ್ಟಿನಲ್ಲಿ ಅವಳ ಕಾರ್ಡು ತೆಗೆದಿಟ್ಟುಕೊಂಡರು. ವರ್ಷ ದಾಟಿ ಹೊರಗಿದ್ದವರು ಇಲ್ಲಿನ ವಾಸ ಬಿಟ್ಟುಕೊಟ್ಟರೆಂದೇ ಕಾನೂನು ತಿಳಿಯುತ್ತದೆ, ಹಾಗಲ್ಲವೆಂದು ನೀವೇ ಬಂದು ತೋರಿಸಬೇಕು ಎಂದರು. ಒಂದು ತಾತ್ಕಾಲಿಕ ಚೀಟಿ ಕೊಟ್ಟು ಕಳಿಸಿದರು. ಈಗ ವಿಚಾರಣೆಯ ದಿನ ಗೊತ್ತಾಗಿ ನೋಟೀಸು ಬಂದಿತ್ತು. ತೋರಿಸಲು ಆಗದಿದ್ದರೆ ಈ ಬೆಂಚು, ಈ ಗ್ರೈಂಡರು, ಬೀದಿಯ ಕೊನೆಯ ಆ ಪುಟ್ಟ ಬಾಡಿಗೆ ಕೋಣೆ, ಯಾವುದೂ ಅವಳದಲ್ಲ.

ಮೇಷ್ಟ್ರು ಕೂಡ ಅವಳವನಲ್ಲ. ಇದನ್ನು ಮಾತ್ರ ಅವಳು ಯಾರೊಂದಿಗೂ ಹೇಳಿರಲಿಲ್ಲ.

*

"ಏನು ಕಾಲಕ್ಕ, ಮೇಷ್ಟ್ರು ಕಂಬಿಗೆ ಡಿಕ್ಕಿ ಹೊಡೆದ್ರು ಇವತ್ತು! ಕಣ್ಣಾರೆ ಕಂಡೆ!"

ಹೀಗೆ ಕೂಗಿದವರು ಬಸ್ಸಜ್ಜಿ. ಆಯುಷ್ಯವೆಲ್ಲ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಸಕ್ಕರೆ ಕಾಯಿಲೆಗೆ ಎಡಗಾಲು ಕಳೆದುಕೊಂಡಿದ್ದರೂ ಹಾರ್ನಿನಂಥ ದನಿ ಕಳೆದುಕೊಂಡಿರಲಿಲ್ಲ. ಅವರ ಅಚ್ಚನ್ನು ಅವಳು ಹೊರಡುವ ಮುಂಚಿನ ವಾರವಷ್ಟೇ ತೆಗೆದಿದ್ದಳು. ಬೇರೆಯವರು ಮುಗಿಸಿಕೊಡುತ್ತಾರೆಂದು ವರ್ಕ್‌ಶಾಪಿನವರು ಎಷ್ಟು ಹೇಳಿದರೂ ಅಜ್ಜಿ ಒಪ್ಪಿರಲಿಲ್ಲ. "ಅರ್ಧ ದಾರೀಲಿ ಡ್ರೈವರ್ ಬದಲಾಯಿಸೋ ಬಸ್ಸು ನಾನು ಹತ್ತೋದಿಲ್ಲ" ಎಂದು ತಾತ್ಕಾಲಿಕ ಕಾಲಿನೊಳಗೆ ಕಾಲ್ಚೀಲದ ಮೇಲೆ ಕಾಲ್ಚೀಲ ತುರುಕಿಕೊಂಡು ಕಾದಿದ್ದರು.

"ಅವರು ಡಿಕ್ಕಿ ಹೊಡೆದ್ರೆ ನಾನೇನು ಮಾಡ್ಲಿ ಅಜ್ಜಿ?" ಅವಳು ಹೊಸ ಅಚ್ಚಿಗಾಗಿ ಅಜ್ಜಿಯ ಕಾಲಿಗೆ ಪ್ಲಾಸ್ಟರ್ ಬ್ಯಾಂಡೇಜು ಸುತ್ತುತ್ತಾ ಕೇಳಿದಳು. ಹಳೆಯದು ಈಗ ಸಡಿಲವಾಗಿತ್ತು.

"ಏನೂ ಮಾಡ್ಬೇಡ. ಆದ್ರೆ ಅವನು ನಿನ್ನ ಕಡೆ ನೋಡ್ತಾ ಹೊಡೆದ. ಅದನ್ನ ಹೇಳಿದೆ ಅಷ್ಟೆ."

ಅವಳ ಕಿವಿಯ ತುದಿ ಕೆಂಪಾಯಿತು. ಬ್ಯಾಂಡೇಜು ಒಂದು ಸುತ್ತು ಹೆಚ್ಚಾಯಿತು.

"ಕಾಲಿಗೆ ಸುತ್ತು ತಾಯಿ, ಮಾತಿಗಲ್ಲ" ಎಂದರು ಅಜ್ಜಿ.

ವಾರವಾಯಿತು, ಎರಡು ವಾರವಾಯಿತು. ಅವನು ಮತ್ತೆ ಆ ಮಾತೆತ್ತಲಿಲ್ಲ. ಅವಳ ಬೆಂಚಿನ ಬಳಿ ಬಂದಾಗಲೆಲ್ಲ ಕೈಗಳು ತಾವಾಗಿ ಬೆನ್ನ ಹಿಂದೆ ಹೋಗುತ್ತಿದ್ದವು. ಟೀ ತಂದರೆ ಕೈಗೆ ಕೊಡದೆ ಬೆಂಚಿನ ತುದಿಯಲ್ಲಿಟ್ಟು ಹೋಗುತ್ತಿದ್ದ. ಆ ಕಪ್ಪಿನ ಬಿಸಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ಅವಳು ಅವನ ಬೆನ್ನು ನೋಡುತ್ತಿದ್ದಳು. ಎಲ್ಲರಿಗೂ ಮುಖ ಕೊಟ್ಟು ನಡೆಯುವವನು ತನಗೊಬ್ಬಳಿಗೆ ಬೆನ್ನು ತೋರಿಸುತ್ತಿದ್ದಾನೆ. ಬೇಕಿತ್ತಾ ನನಗೆ ಆ ಬಿಗುಮಾನ?

ಬೇಕಿತ್ತು. ಅವಳಿಗೆ ಗೊತ್ತಿತ್ತು, ಬೇಕಿತ್ತು.

ಯಾಕೆಂದರೆ ಆ ಹದಿನಾಲ್ಕು ತಿಂಗಳು ಅವನು ಬೇರೆಯೇ ಆಗಿದ್ದ. ಅಕ್ಕನ ಮನೆಯಲ್ಲಿ ಬೆಳಗಾಗುತ್ತಲೇ ಅವಳ ಫೋನಿಗೆ ಒಂದು ವಿಡಿಯೋ ಬರುತ್ತಿತ್ತು. ಕಂಬಿಯ ನಡುವೆ ಯಾರೋ ರೋಗಿ ನಡೆದು ಬರುತ್ತಿರುವುದು. ಅವನು ಹಿಂದಕ್ಕೆ ನಡೆಯುತ್ತಲೇ ತೆಗೆದದ್ದು. ಅವಳು ಹೆಡ್‌ಫೋನು ಹಾಕಿ ಹೆಜ್ಜೆಯ ಸದ್ದು ಕೇಳಿ ವಾಯ್ಸ್ ಮೆಸೇಜು ಕಳಿಸುತ್ತಿದ್ದಳು: "ಬಲಗಾಲು ಕೂದಲೆಳೆಯಷ್ಟು ಉದ್ದ ಆಗಿದೆ. ಹಿಮ್ಮಡಿ ಸ್ವಲ್ಪ ತಿರುಗಿಸೋಕೆ ಹೇಳಿ." ಅಲ್ಲಿಂದಲೇ ಇಲ್ಲಿನ ಕಾಲುಗಳು ಸರಿಹೋಗುತ್ತಿದ್ದವು. ಕೆಲಸದ ಮಾತು ಬಿಟ್ಟರೆ ಒಂದಕ್ಷರವಿಲ್ಲ.

ಅವನ ಮುಖ ಒಂದರಲ್ಲೂ ಇರಲಿಲ್ಲ. "ಬನ್ನಿ, ಬನ್ನಿ, ಇನ್ನೊಂದು ಹೆಜ್ಜೆ" ಎನ್ನುವ ದನಿ ಮಾತ್ರ. ಕೆಲವೊಮ್ಮೆ ರೋಗಿಯ ಹಿಂದಿನ ಕನ್ನಡಿಯಲ್ಲಿ ಫೋನು ಹಿಡಿದ ಕೈಯೊಂದು, ಮಡಚಿದ ಶರ್ಟಿನ ತೋಳು. ರೋಗಿಯ ಕಾಲನ್ನು ಒಮ್ಮೆ ನೋಡಿದರೆ ಅವಳ ಕೆಲಸ ಮುಗಿಯುತ್ತಿತ್ತು. ಆದರೂ ಅವಳು ವಿಡಿಯೋ ಮತ್ತೆ ಹಾಕುತ್ತಿದ್ದಳು. ಅಕ್ಕ ಒಂದು ದಿನ ಪಕ್ಕದ ಹಾಸಿಗೆಯಿಂದಲೇ ಕೇಳಿದ್ದಳು: "ಆ 'ಬನ್ನಿ ಬನ್ನಿ' ಯಾರನ್ನೇ ಕರೆಯೋದು? ನಡೆಯೋರನ್ನೋ, ನಿನ್ನನ್ನೋ?"

"ಸುಮ್ಮನೆ ಕಾಲು ಮಡಚಿ ಎಕ್ಸರ್ಸೈಜ್ ಮಾಡು" ಎಂದು ಗದರಿದ್ದಳು ಅವಳು.

ಹಾಗೆ ಕರೆದ ದನಿ, ಕೊನೆಗೆ ಎದುರು ನಿಂತು ಆಡಿದ್ದು 'ಆಗಿಬಿಡೋಣ ಬಿಡಿ'. ಕನಿಕರಕ್ಕೆ ಕಟ್ಟಿದ ತಾಳಿ ಕತ್ತಿಗೆ ಭಾರ. ಅವಳು ಒಪ್ಪುವುದಾದರೂ ಹೇಗೆ?

ವಿಚಾರಣೆಗೆ ಎರಡು ದಿನವಿರುವಾಗ ಅವಳೇ ಹಾಲಿಗೆ ಹೋದಳು. ಅವನು ಕಂಬಿಗಳನ್ನು ಒರೆಸುತ್ತಿದ್ದ.

"ಮೇಷ್ಟ್ರೇ, ನಾನು ಹೊರಗಿದ್ದಾಗಲೂ ಇಲ್ಲಿನ ಕೆಲಸ ಬಿಟ್ಟಿರಲಿಲ್ಲ ಅಂತ ಹೇಳೋಕೆ ಒಬ್ಬರು ಸಾಕ್ಷಿ ಬೇಕು. ಬರ್ತೀರಾ?"

ಅವನ ಮುಖ ಬೆಳಗಿತು. "ಬರದೆ?"

"ಜೊತೆ ಕೆಲಸ ಮಾಡೋರಾಗಿ. ಅಷ್ಟೇ. ಬೇರೆ ಯಾವ ಮಾತೂ ಬೇಡ."

"ಅಷ್ಟೇ" ಎಂದ ಅವನು. ಒರೆಸಿದ ಕಂಬಿಯನ್ನೇ ಮತ್ತೆ ಒರೆಸತೊಡಗಿದ.

*

ವಿಚಾರಣೆಯ ಕೋಣೆಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ನೀರಿನ ಜಗ್ಗು. ಅಧಿಕಾರಿ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮಾತಾಡುವವರು. ಅವರ ಕೈಯ ಕೆಳಗೆ ಅವಳ ಕಾರ್ಡು ಇತ್ತು. ಕಾರ್ಡಿನಲ್ಲಿನ ಸಣ್ಣ ಫೋಟೋ ಅವಳಿಗೆ ತಲೆಕೆಳಗಾಗಿ ಕಾಣುತ್ತಿತ್ತು.

"ಹೋಗೋ ಮುಂಚೆ ಮರುಪ್ರವೇಶದ ಪರ್ಮಿಟ್ ತಗೊಂಡಿದ್ರೆ ಇಷ್ಟೆಲ್ಲ ಬೇಕಿರಲಿಲ್ಲ. ಯಾಕೆ ತಗೊಳ್ಳಲಿಲ್ಲ?"

"ಅಂಥದ್ದೊಂದು ಇದೆ ಅಂತ ಗೊತ್ತಿರಲಿಲ್ಲ ಮೇಡಂ. ಗೊತ್ತು ಮಾಡ್ಕೊಂಡಿರಬೇಕಿತ್ತು. ಅದು ನನ್ನ ತಪ್ಪೇ."

ಅಧಿಕಾರಿ ಕನ್ನಡಕ ಇಳಿಸಿ ಅವಳನ್ನು ನೋಡಿದರು. ತಪ್ಪನ್ನು ತಾವಾಗಿ ಒಪ್ಪುವವರು ಆ ಕುರ್ಚಿಗೆ ಅಪರೂಪವೇನೋ.

"ಮಧ್ಯೆ ಒಂದು ಸಲವಾದ್ರೂ ಬಂದು ಹೋಗಬಹುದಿತ್ತು."

"ಸಾಕೆಟ್ಟು ಒಂದು ವಾರ ಸರಿಯಾಗಿ ಕೂರದಿದ್ರೆ ಹುಣ್ಣಾಗುತ್ತೆ. ಹುಣ್ಣಾದ್ರೆ ಮತ್ತೆ ತಿಂಗಳುಗಟ್ಟಲೆ ಮಲಗಬೇಕು. ಅಕ್ಕನ ಕಾಲನ್ನ ಅರ್ಧಕ್ಕೆ ಬಿಟ್ಟು ಬರೋಕಾಗಲಿಲ್ಲ. ಆದ್ರೆ ನಾನು ಇಲ್ಲಿಂದ ಹೋಗಿಬಿಟ್ಟೆ ಅಂತ ಒಂದು ದಿನವೂ ಅಂದುಕೊಂಡಿರಲಿಲ್ಲ."

ಬಿಡದೆ ಕಟ್ಟಿದ ಬಾಡಿಗೆ, ತೆರಿಗೆ, ಸಂಬಳವಿಲ್ಲದ ರಜೆಯ ಪತ್ರ, ಎಲ್ಲವನ್ನೂ ಅವಳು ತಂದಿದ್ದಳು. ಅಧಿಕಾರಿ ತಿರುವಿ ನೋಡಿ ಬದಿಗಿಟ್ಟರು. "ಇದನ್ನೆಲ್ಲ ಎಲ್ಲರೂ ತರ್ತಾರೆ" ಎಂದು ಮೇಷ್ಟ್ರ ಕಡೆ ತಿರುಗಿದರು. "ನೀವು ಹೇಳಿ."

ಅವನು ಹೇಳಿದ. ವಿಡಿಯೋಗಳ ವಿಷಯ, ಅವಳ ವಾಯ್ಸ್ ಮೆಸೇಜುಗಳ ವಿಷಯ. ಒಂದೆರಡನ್ನು ಫೋನಿನಲ್ಲಿ ಹಾಕಿ ಕೇಳಿಸಿದ. ಆ ಶಿಸ್ತಿನ ಕೋಣೆಯಲ್ಲಿ ಅವಳದೇ ದನಿ ಕೇಳಿತು: "ಹಿಮ್ಮಡಿ ಸ್ವಲ್ಪ ತಿರುಗಿಸೋಕೆ ಹೇಳಿ." ಹದಿನಾಲ್ಕು ತಿಂಗಳ ಮೆಸೇಜುಗಳಲ್ಲಿ ಒಂದನ್ನೂ ಅವನು ಅಳಿಸಿರಲಿಲ್ಲ. ಬೆರಳು ಮೇಲಕ್ಕೆ ಸರಿಸಿದಷ್ಟೂ ಬರುತ್ತಲೇ ಇದ್ದವು. ಅವಳು ಜಗ್ಗಿನ ನೀರನ್ನು ದಿಟ್ಟಿಸಿದಳು.

"ಇವರು ನಿಮಗೆ ಏನಾಗಬೇಕು?" ಅಧಿಕಾರಿಯ ದನಿ ಸಹಜವಾಗಿಯೇ ಇತ್ತು.

"ಜೊತೆ ಕೆಲಸ ಮಾಡೋರು."

"ಅಷ್ಟೇನಾ? ನೆನಪಿರಲಿ, ಇಲ್ಲಿ ನಿಜ ಹೇಳ್ತೀನಿ ಅಂತ ಸಹಿ ಮಾಡಿದ್ದೀರಿ."

ಅವನು ಅವಳ ಕಡೆ ನೋಡಿದ. ಕ್ಷಮೆ ಕೇಳುವ ನೋಟ ಅದು. ನಂತರ ಅಧಿಕಾರಿಯ ಕಡೆ ತಿರುಗಿ, ಬೆನ್ನು ನೆಟ್ಟಗೆ ಮಾಡಿ ಹೇಳಿದ: "ಮದುವೆ ಆಗ್ತೀರಾ ಅಂತ ಕೇಳಿದ್ದೆ. ಇವರು ಒಪ್ಪಲಿಲ್ಲ."

"ಯಾವಾಗ ಕೇಳಿದ್ದು?"

"ಈ ನೋಟೀಸ್ ಬಂದ ದಿನ."

"ಅಂದ್ರೆ, ಕಾರ್ಡ್ ಉಳಿಸೋಕೆ."

"ಬಾಯಿಬಿಟ್ಟು ಕೇಳಿದ್ದು ಆ ದಿನ, ಮೇಡಂ. ಇವರನ್ನ ಕಳಿಸಿಬಿಡ್ತಾರೆ ಅನ್ನೋ ಭಯಕ್ಕೆ ಕೇಳಿಬಿಟ್ಟೆ. ಹಾಗೆ ಕೇಳಬಾರದಿತ್ತು. ನಿಜವಾಗಿ ಕೇಳಬೇಕು ಅಂತ ಹೊರಟಿದ್ದು ಇವರು ಊರಿಗೆ ಹೋದ ದಿನ. ಸೂಟ್‌ಕೇಸ್ ಹಿಡ್ಕೊಂಡು ಏರ್‌ಪೋರ್ಟಿನ ಬಾಗಿಲವರೆಗೆ ಹೋಗಿದ್ದೆ. ಬಾಯಿಗೆ ಬಂದಿತ್ತು. ಆದ್ರೆ ಇವರ ಜೀವವೆಲ್ಲ ಅಕ್ಕನ ಹತ್ರ ಇತ್ತು. ಅಂಥ ಹೊತ್ತಲ್ಲಿ ಕೇಳೋದು ಸರಿಯಲ್ಲ ಅಂತ ಸೂಟ್‌ಕೇಸ್ ಮಾತ್ರ ಕೊಟ್ಟು ಬಂದೆ."

ಅವಳಿಗೆ ಆ ಬಾಗಿಲು ನೆನಪಾಯಿತು. ಸೂಟ್‌ಕೇಸಿನ ಹಿಡಿ ಅವನ ಕೈಯಿಂದ ಬಿಡಿಸಿಕೊಳ್ಳಲು ಎರಡು ಸಲ ಎಳೆಯಬೇಕಾಗಿತ್ತು. ಎಲ್ಲರ ಹೆಜ್ಜೆಯನ್ನೂ ಓದುವವಳು ಅದನ್ನು ಓದಿರಲಿಲ್ಲ.

ಅಧಿಕಾರಿ ಅವಳ ಕಡೆ ತಿರುಗಿದರು. "ಒಪ್ಪಿದ್ರೆ ನಿಮ್ಮ ದಾರಿ ಸುಲಭ ಆಗ್ತಿತ್ತಲ್ಲ? ಯಾಕೆ ಬೇಡ ಅಂದ್ರಿ?"

ಅವಳು ಮಾತುಗಳನ್ನು ಅಕ್ಕಿಯಂತೆ ಆರಿಸಿ ಆಡುವವಳು. ಈಗಲೂ ಆರಿಸಿದಳು.

"ಸುಲಭ ಆಗ್ತಿತ್ತು ಮೇಡಂ. ಆದ್ರೆ ನಾನು ಈ ಊರಿಗೆ ಬಂದಿದ್ದು ನನ್ನ ಕೆಲಸದ ಮೇಲೆ. ಈ ಬೀದಿಗಳಲ್ಲಿ ಎಷ್ಟೋ ಜನ ನಾನು ಮಾಡಿದ ಕಾಲಿನ ಮೇಲೆ ಓಡಾಡ್ತಿದ್ದಾರೆ. ನನ್ನ ಮನೆಗೆ ನಾನು ಹಿತ್ತಿಲ ಬಾಗಿಲಿಂದ ಯಾಕೆ ಬರಲಿ? ಮುಂಬಾಗಿಲಿಂದ ಬರ್ತೀನಿ. ನೀವು ತೆಗೆಯಲ್ಲ ಅಂದ್ರೆ, ನನ್ನ ಕಸುಬು ನನ್ನ ಕೈಯಲ್ಲಿದೆ, ಹೊರಟುಹೋಗ್ತೀನಿ. ತಲೆ ತಗ್ಗಿಸಿಕೊಂಡು ಮಾತ್ರ ಹೋಗಲ್ಲ."

ಮುಂದಿದ್ದ ನೀರಿನ ಜಗ್ಗನ್ನು ಪಕ್ಕಕ್ಕೆ ಸರಿಸಿ ಮುಂದುವರಿಸಿದಳು.

"ಇನ್ನೊಂದು ವಿಷಯ. ಮದುವೇನ ಊರುಗೋಲು ಮಾಡ್ಕೊಂಡ್ರೆ, ಪ್ರೀತಿಗೆ ಒಪ್ಪಿದೆನೋ ಭಯಕ್ಕೆ ಒಪ್ಪಿದೆನೋ ಅಂತ ಆಮೇಲೆ ನನಗೂ ಗೊತ್ತಾಗಲ್ಲ. ಇವರಿಗಂತೂ ಯಾವತ್ತೂ ಗೊತ್ತಾಗಲ್ಲ. ಪ್ರೀತಿಗೆ ಅನ್ನೋದು ಇವರಿಗೆ ಗೊತ್ತಾಗಬೇಕು ಅನ್ನೋದೇ ನನ್ನ ಆಸೆ."

ಆಡಿದ ಮೇಲೆ ತಾನು ಏನಾಡಿದೆ ಎಂದು ಅವಳಿಗೆ ಅರಿವಾಯಿತು. ಆರಿಸಿದ ಅಕ್ಕಿಯಲ್ಲಿ ಮುತ್ತೊಂದು ಉರುಳಿಹೋಗಿತ್ತು. ಪಕ್ಕದ ಕುರ್ಚಿ ಕಿರ್ರೆಂದಿತು. ಅವನು ಇಡೀ ಮೈಯನ್ನೇ ಅವಳತ್ತ ತಿರುಗಿಸಿ ಕೂತಿದ್ದ. ಅವಳು ಮಾತ್ರ ಅತ್ತ ನೋಡಲಿಲ್ಲ. ನೋಡಿದರೆ ಆ ಮೇಜು, ಆ ಕಾರ್ಡು, ಆ ಅಧಿಕಾರಿ, ಯಾವುದೂ ನೆನಪಿನಲ್ಲಿ ಉಳಿಯುವಂತಿರಲಿಲ್ಲ.

ಅಧಿಕಾರಿ ಕಾಗದಗಳನ್ನು ಎತ್ತಿಕೊಂಡು ಒಳಗೆ ಹೋದರು.

"ಏನಂದ್ರಿ ಈಗ?" ಅವನು ಪಿಸುಗುಟ್ಟಿದ.

"ಸುಮ್ಮನಿರಿ. ವಿಚಾರಣೆ ನಡೀತಿದೆ."

"ಯಾರದು?"

ಅವಳು ನಗು ತಡೆಯಲು ಕೆಳತುಟಿ ಕಚ್ಚಿದಳು. ಗೋಡೆಯಾಚೆ ಯಾರೋ ಮಾತಾಡುತ್ತಿದ್ದ ಸದ್ದು, ಆಮೇಲೆ ಪ್ರಿಂಟರಿನ ಸದ್ದು. ಅವನ ಕೈ ಅವಳ ಕೈಗೆ ಗೇಣು ದೂರದಲ್ಲಿ, ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿತ್ತು. ಹತ್ತಿರ ಸರಿಯಲಿಲ್ಲ. ತನ್ನ ರೂಲಿನ ಮೇಲೆ ಗಟ್ಟಿಯಾಗಿ ಕೂತಿದ್ದ ಆ ಕೈಯನ್ನು ಕಂಡು ಅವಳಿಗೆ ಹೆಮ್ಮೆಯಾಯಿತು.

ಅಧಿಕಾರಿ ಬಂದು ಕೂರಲಿಲ್ಲ, ನಿಂತೇ ಹೇಳಿದರು. "ನೀವು ಇಲ್ಲಿನ ವಾಸ ಬಿಟ್ಟಿಲ್ಲ ಅಂತ ಒಪ್ಪಿದ್ದೀವಿ. ನಿಮ್ಮ ಸ್ಟೇಟಸ್ ಮುಂದುವರಿಯುತ್ತೆ." ಕಾರ್ಡನ್ನು ಮೇಜಿನ ಮೇಲೆ ಅವಳತ್ತ ಸರಿಸಿದರು. ಫೋಟೋ ಈಗ ನೆಟ್ಟಗೆ ಕಂಡಿತು. "ಮುಂದಿನ ಸಲ ದೀರ್ಘಕಾಲ ಹೋಗೋದಿದ್ರೆ, ಮೊದಲು ಪರ್ಮಿಟ್, ಆಮೇಲೆ ಸೂಟ್‌ಕೇಸ್."

"ಆಗಲಿ ಮೇಡಂ."

"ಉಳಿದಿದ್ದು ನನ್ನ ಇಲಾಖೆಗೆ ಸೇರಿದ್ದಲ್ಲ" ಎಂದು ಅವರು ಕನ್ನಡಕವನ್ನು ಮತ್ತೆ ತಲೆಗೇರಿಸಿದರು.

*

ಹೊರಗೆ ಉದ್ದನೆಯ ಕಾರಿಡಾರು. ದೂರದ ತುದಿಯ ಗಾಜಿನ ಬಾಗಿಲಿನಿಂದ ಬಿಸಿಲು ನೆಲದ ಮೇಲೆ ಹರಡಿತ್ತು. ಮಧ್ಯದ ಬೆಂಚಿನ ಮೇಲೆ ಬಸ್ಸಜ್ಜಿ, ಕೋಲನ್ನು ಬಸ್ಸಿನ ಗೇರಿನಂತೆ ಹಿಡಿದು ಕೂತಿದ್ದರು. ಯಾರೂ ಕರೆಯದಿದ್ದರೂ ಬಂದಿದ್ದರು.

"ಏನಾಯ್ತು?"

ಅವಳು ಕಾರ್ಡು ಎತ್ತಿ ತೋರಿಸಿದಳು.

"ನಾನು ಹೇಳಿರಲಿಲ್ವಾ! ಕೆಟ್ಟು ನಿಂತ ಬಸ್ಸು ಬೇರೆ, ಡಿಪೋಗೆ ಹೋಗಿ ಬರೋ ಬಸ್ಸು ಬೇರೆ. ಒಳಗೆ ಕರೆದಿದ್ರೆ ಇದನ್ನೇ ಹೇಳ್ತಿದ್ದೆ. ಕರೀಲಿಲ್ಲ." ಅಜ್ಜಿ ಕಣ್ಣೊರೆಸಿಕೊಂಡರು. "ನನ್ನ ಕಾಲು ಯಾವತ್ತು?"

"ಈ ವಾರವೇ ಅಜ್ಜಿ."

ಮೇಷ್ಟ್ರು ಅವಳಿಗಿಂತ ಮುಂದೆ ಹೊರಬಂದಿದ್ದ. ಈಗ ಅಭ್ಯಾಸದಂತೆ ಅವಳಿಗೆ ಎದುರಾಗಿ ತಿರುಗಿ ಹಿಂದು ಹಿಂದಕ್ಕೆ ಹೆಜ್ಜೆ ಹಾಕತೊಡಗಿದ. ಕೈಗಳು ಬೆನ್ನ ಹಿಂದೆ. ಕಣ್ಣು ಅವಳ ಮುಖದ ಮೇಲೆ. ಎಷ್ಟೋ ದಿನಗಳ ಮೇಲೆ ಅವನು ಅವಳಿಗೆ ಮುಖ ಕೊಟ್ಟಿದ್ದ.

ಅವಳು ನಡೆದಳು. ಹೆಗಲು ನೆಟ್ಟಗೆ, ಭಾರ ಎರಡೂ ಕಾಲಿನ ಮೇಲೆ ಸಮವಾಗಿ.

"ಬನ್ನಿ, ಬನ್ನಿ" ಎಂದ ಅವನು. ದನಿ ಸ್ವಲ್ಪ ನಡುಗಿತು. ಫೋನಿನಲ್ಲಿ ಎಂದೂ ನಡುಗಿರಲಿಲ್ಲ.

"ಕೈ ಯಾಕೆ ಕಟ್ಟಿಕೊಂಡಿದ್ದೀರಿ?"

"ಒಂದು ಸಲ ರೂಲ್ ಮುರಿದು ಅನುಭವಿಸಿದ್ದು ಸಾಲದಾ?"

"ಬೀಳೋ ಹಾಗೆ ಕಾಣ್ತಿದ್ದೀನಾ?"

"ಇಲ್ಲಪ್ಪಾ. ಇಷ್ಟು ನೆಟ್ಟಗೆ ನಡೆಯೋರನ್ನ ನಾನು ನೋಡೇ ಇಲ್ಲ."

"ಹಾಗಾದ್ರೆ ಈಗ ನಾನೇ ಕೇಳಬಹುದು." ಅವಳು ನಿಂತಳು. ಅವನೂ ನಿಂತ. ಬಿಸಿಲು ಇಬ್ಬರ ಕಾಲ ಬಳಿ ಇತ್ತು. "ಇದು ಕಾರ್ಡಿಗಲ್ಲ. ಕಾರ್ಡು ನನ್ನ ಹತ್ರ ಇದೆ. ಭಯಕ್ಕಂತೂ ಅಲ್ವೇ ಅಲ್ಲ."

"ಗೊತ್ತಾಯ್ತು" ಎಂದ ಅವನು, ಉಸಿರಿನಷ್ಟೇ ಮೆಲ್ಲಗೆ.

ಅವಳು ಬಲಗೈ ಮುಂದೆ ಮಾಡಿದಳು. ಉಗುರಿನ ಅಂಚಿನಲ್ಲಿ ಎಷ್ಟು ತೊಳೆದರೂ ಹೋಗದ ಪ್ಲಾಸ್ಟರಿನ ಬಿಳಿ ಇನ್ನೂ ಇತ್ತು.

"ಕೈ ಹಿಡಿ" ಎಂದಳು.

'ಹಿಡೀರಿ' ಎನ್ನಲಿಲ್ಲ. ಇಷ್ಟು ವರ್ಷದ ಬಹುವಚನವನ್ನು ಅವಳು ಆ ಕಾರಿಡಾರಿನಲ್ಲೇ ಇಳಿಸಿಬಿಟ್ಟಳು. ಅವನ ಕೈ ಬೆನ್ನ ಹಿಂದಿನಿಂದ ಬಿಡಿಸಿಕೊಂಡು, ಹೇಳಿದ ಮಾತಿನಂತೆ, ಓಡಿಯೇ ಬಂದಿತು.

ಆಮೇಲೆ ಅವನು ತಿರುಗಿ ಅವಳ ಪಕ್ಕಕ್ಕೆ ಬಂದು, ಅವಳು ನೋಡುತ್ತಿದ್ದ ಕಡೆಗೇ ಮುಖ ಮಾಡಿ ಹೆಜ್ಜೆ ಎತ್ತಿದ. ಎರಡನೆಯ ಹೆಜ್ಜೆಗೇ ತನ್ನ ಕಾಲು ತನಗೇ ತೊಡರಿ ಮುಗ್ಗರಿಸಿದ. ಅವಳು ಕೈ ಬಿಗಿ ಮಾಡಿ ನಿಲ್ಲಿಸಿದಳು.

ಬೆಂಚಿನಿಂದ ಬಸ್ಸಜ್ಜಿಯ ಹಾರ್ನು ಮೊಳಗಿತು: "ಕಾಲಕ್ಕಾ! ಇವನಿಗೆ ಮುಂದಕ್ಕೆ ನಡೆಯೋದು ಬರೋದೇ ಇಲ್ಲ ಕಣೇ! ಚೆನ್ನಾಗಿ ನೋಡಿ ತಗೊಂಡ್ಯಾ?"

ಅವಳು ತಿರುಗಿ ನೋಡಲಿಲ್ಲ. ಕತ್ತು ಎತ್ತಿ, ಬಿಸಿಲಿನ ಬಾಗಿಲನ್ನು ನೋಡುತ್ತಾ ಕೂಗಿ ಹೇಳಿದಳು:

"ಕಲಿಸ್ತೀನಿ ಅಜ್ಜಿ. ನಾನು ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟಿದ್ದು ಯಾವಾಗಾದ್ರೂ ನೋಡಿದ್ದೀರಾ?"